ಅಲುಗದ ಚಂದ್ರ

"ಗಲ್ಲ ಒಸಿ ಕೆಳಕ್ಕೆ ನಾಗರಾಜು. ಹಾಂ, ಹಂಗೇ ಇರು" ಎಂದು ಕ್ಯಾಮೆರಾಕ್ಕೆ ಕಣ್ಣು ಕೊಟ್ಟ ವೃಷಭೇಂದ್ರಪ್ಪನಿಗೆ, ಸ್ಟೂಲಿನ ಮೇಲೆ ಕೂತವನು ಲೆನ್ಸನ್ನಲ್ಲ, ತನ್ನ ತಲೆಯ ಹಿಂದಿನ ಗೋಡೆಯನ್ನು ನೋಡುತ್ತಿದ್ದಾನೆ ಎಂಬುದು ಗೊತ್ತಾಗಿ ಕತ್ತಿನ ಹಿಂದೆ ಬೆವರೊಡೆಯಿತು. ಗೋಡೆಯ ಮೇಲೆ ಗ್ರಹಣದ ಚಂದ್ರನ ಫೋಟೋ ಇತ್ತು. ಹೆಚ್ಚುಕಡಿಮೆ ಅರ್ಧ ಕಪ್ಪು, ಉಳಿದದ್ದು ಬೆಳ್ಳಿ; ಬೆಳಕಿನ ಭಾಗದಲ್ಲಿ ಕುಳಿಗಳು ಬೆರಳಿಟ್ಟು ಮುಟ್ಟಬಹುದು ಎನ್ನುವಷ್ಟು ಸ್ಪಷ್ಟ. ಬೆಂಗಳೂರಿನ ಪತ್ರಿಕೆಯೊಂದು ಅದನ್ನು ಒಳಪುಟದಲ್ಲಿ ಹಾಕಿದ ಮೇಲೆ ಚನ್ನಪಟ್ಟಣದಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಹೆಚ್ಚಾಗಿತ್ತು. ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದಾಗಿನಿಂದ ಸ್ಟುಡಿಯೋಗೆ ಮದುವೆಗಳಿಗಿಂತ ಗುರುತಿನ ಚೀಟಿಗಳೇ ಅನ್ನ ಹಾಕುತ್ತಿದ್ದವು; ಒಂದೇ ನಮೂನೆಯ ಮುಖಗಳನ್ನು ಒಂದೇ ನಮೂನೆಯ ನೀಲಿ ಪರದೆಯ ಮುಂದೆ ಕೂರಿಸಿ ಕೂರಿಸಿ ರೋಸಿಹೋಗಿದ್ದವನಿಗೆ ಇದೊಂದು ಫೋಟೋ ಮಾತ್ರ ಯಾರ ಹೊಟ್ಟೆಪಾಡಿಗೂ ಅಲ್ಲದೆ ತನಗಾಗಿ ತೆಗೆದದ್ದು ಎನಿಸುತ್ತಿತ್ತು. ಬಂದವರೆಲ್ಲ ಅದರ ಮುಂದೆ ನಿಂತು ಹೊಗಳುವಾಗ ಅವನು ಅದಕ್ಕೆ ಬೆನ್ನು ತಿರುಗಿಸಿಕೊಂಡು ಏನಾದರೊಂದು ಕೆಲಸ ಮಾಡುತ್ತಿದ್ದ. ನಾಚಿಕೆ ಸ್ವಭಾವ ಎಂದು ಜನ ತಿಳಿದಿದ್ದರು.

"ಅವತ್ತು ನಮ್ ರೇಷ್ಮೆ ಹುಳದ ಮನೆ ಮ್ಯಾಲೆ ತೆಗೆದಿದ್ದು ಇದೇನಾ ಸಾ?" ಎಂದ ನಾಗರಾಜು. ಇದೇ ಎಂದ ವೃಷಭೇಂದ್ರಪ್ಪ. "ಚೆನ್ನಾಗೈತೆ. ಅಲ್ಲಾಡ್ದಂಗೆ ಬಂದೈತೆ" ಎಂದು ಆ ಹುಡುಗ ಕಾಲರು ಸರಿಮಾಡಿಕೊಂಡ. "ನಮ್ಗೆ ಮಾತ್ರ ಅದ್ರಿಂದ ಒಳ್ಳೇದಾಗ್ಲಿಲ್ಲ ಬುಡಿ. ಹಣ್ಣಾದ ಹುಳ ಎಲ್ಲಾನೂ ಗೂಡು ಕಟ್ಲಿ ಅಂತ ಅವತ್ತೇ ಚಂದ್ರಿಕೆಗೆ ಬುಟ್ಟಿದ್ವು. ರಾತ್ರಿ ಒಲೆ ಆರೋಗವ್ವೆ. ಎರಡು ಒಲೆ ತುಂಬ ಇದ್ದಲು ಹಾಕಿತ್ತು ಸಾ, ಬೆಳಗಾಗೋಗಂಟ ಇರ್ತವೆ ಅಂತ ಯಾರೂ ನೋಡ್ಲಿಲ್ಲ, ಬೂದಿ ಕವುಚ್ಕಂಡು ತಾವಾಗೇ ಆರೋಗವ್ವೆ. ಹೊರಗೆ ಆ ಮಳೆ, ಆ ಥಂಡಿ. ಅರ್ಧಕ್ಕರ್ಧ ಹುಳ ಗೂಡು ಕಟ್ದೇನೇ ಸತ್ತೋದ್ವು. ಕಟ್ಟಿದ್ವೂ ಮೆತ್ತಗೆ, ಕರೆ ಹಿಡ್ದು. ರಾಮನಗರ ಮಾರ್ಕೆಟ್ಟಲ್ಲಿ ನೂಲು ತೆಗೆಯೋ ರೀಲರುಗಳು ಹಿಸುಕಿ ನೋಡಿ ಹಂಗೇ ಮುಂದಕ್ಕೋದ್ರು." ಷಟರ್ ಒತ್ತಲು ಎತ್ತಿದ್ದ ಬೆರಳು ಎತ್ತಿದಂತೆಯೇ ಇತ್ತು. ನಾಗರಾಜು ದನಿ ಇಳಿಸಿ ಮುಂದುವರಿಸಿದ: "ಅವ್ವ ರಾಧಾಮಣಿನ ಹಿಡ್ಕಂಡವ್ಳೆ. ಗ್ರಹಣ ಬುಡೋಕ್ ಮುಂಚೇನೇ ಈಚೆ ಬಂದು ನಿಮ್ ಟೆಲಿಸ್ಕೋಪಲ್ಲಿ ನೋಡಿದ್ಲಲ್ಲ, ಅದ್ಕೇ ಒಲೆ ಆರ್ತು ಅಂತ. ಹುಳದ ಮನೆ ಹೊಸ್ಲು ತುಳೀಬ್ಯಾಡ ಅಂದವ್ಳೆ. ಇವತ್ತು ಸಂಜೆ ಬಸ್ಸಿಗೆ ಸಾತನೂರಿಗೆ ಕಳಿಸ್ತಾವ್ರೆ, ತವರಿಗೆ. ವಾಪಸ್ ಯಾವಾಗ ಅಂತ ಯಾರೂ ಬಾಯಿ ಬುಡ್ತಿಲ್ಲ." "ಗಂಡ ಅಂತ ನೀನಿದೀಯಲ್ಲ, ನೀನೇನಂದೆ?" ಎಂದು ಕೇಳಿದಾಗ ತನ್ನ ದನಿ ಅಷ್ಟು ಗಡುಸಾಗಿ ಬಂದದ್ದು ಅವನಿಗೇ ಅಸಹ್ಯವಾಯಿತು. "ನಾನೇನನ್ನಾನ ಸಾ. ನಂಗೆ ಎರಡನೇ ಶಿಫ್ಟು" ಎಂದ ನಾಗರಾಜು.

ಹುಡುಗ ಹೋದ ಮೇಲೆ ಅವನು ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ನಿಂತ. ಅಲ್ಲಿ ತೊಳೆಯುವುದೇನೂ ಇರಲಿಲ್ಲ. ಒಲೆ ತಾವಾಗೇ ಆರಿಹೋದವಂತೆ. ಆ ಮಾತನ್ನು ನಾಗರಾಜು ಹೇಳುತ್ತಿದ್ದಾಗ ಒಂದು ಕ್ಷಣ, ಒಂದೇ ಕ್ಷಣ, ಸದ್ಯ ಬದುಕಿದೆ ಎಂದುಕೊಂಡಿದ್ದ. ಒಳಗಿನಿಂದ ಹೆಂಡತಿ ವಿಮಲಮ್ಮ, "ಏನ್ರೀ, ಅಂಗಡಿ ತೆಗೆದಿಟ್ಟು ಕತ್ತಲಲ್ಲಿ ಏನು ಮಾಡ್ತಿದೀರಿ?" ಎಂದಳು. ಅಕ್ಕೂರಿನಲ್ಲಿ ನಾಗರಾಜುವಿನ ಅಪ್ಪ ಅಂಕಯ್ಯನವರಿಗೆ ಫೋಟೋದ ಒಂದು ಪ್ರತಿ ಕೊಟ್ಟು ಬರುತ್ತೇನೆ ಎಂದ. "ಅವತ್ತಿಂದ ಹೇಳ್ತಿದೀನಿ. ಅವರ ಮನೇಲಿ ಊಟ ಮಾಡಿ ಬಂದು ಎರಡು ವಾರ ಆಯ್ತು, ಈಗ ಜ್ಞಾನೋದಯ ಆಯ್ತಾ?" ಎಂದು ಅವಳು ನಕ್ಕಳು. ಅವನು ಫೋಟೋವನ್ನು ದಪ್ಪ ಕವರಿಗೆ ಹಾಕಿ ಮೊಪೆಡ್ಡಿನ ಬ್ಯಾಗಿಗೆ ಸೇರಿಸಿದ. ಕೈಯಲ್ಲಿ ಏನೂ ಇಲ್ಲದೆ ಹೋಗಿ ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಊರಿನಿಂದ ಹೊರಬೀಳುವ ತನಕವೂ ರಸ್ತೆಯ ಎಡಬಲಕ್ಕೆ ಹೊಸ ಕಾಂಪೌಂಡುಗಳು, ಮಣ್ಣು ತುಂಬಿದ ಲಾರಿಗಳು. ಅವನ ಮನೆಯ ತಾರಸಿಯಿಂದ ಪೂರ್ವಕ್ಕೆ ನೋಡಿದರೆ ಗಾರ್ಮೆಂಟ್ಸ್ ಕಾರ್ಖಾನೆಯ ದೀಪದ ಕಂಬ ಕಣ್ಣಿಗೆ ಚುಚ್ಚುತ್ತಿತ್ತು. ಎರಡು ಸಾವಿರದ ಒಂದರ ಆಷಾಢದ ಹುಣ್ಣಿಮೆಯ ಚಂದ್ರ ಹುಟ್ಟುತ್ತಿದ್ದಂತೆಯೇ ಗ್ರಹಣ ಹಿಡಿಯುತ್ತದೆ ಎಂದು ಪಂಚಾಂಗವೂ ಪತ್ರಿಕೆಯೂ ಒಂದೇ ಮಾತು ಹೇಳಿದಾಗ, ಕತ್ತಲಿರುವ ಪೂರ್ವ ದಿಕ್ಕು ಎಲ್ಲಿದೆ ಎಂದು ಹುಡುಕಿ ಹುಡುಕಿ ನೆನಪಾದದ್ದು ಅಂಕಯ್ಯನ ಮನೆ. ಅಂಕಯ್ಯನ ಮಗನ ಮದುವೆಯ ಫೋಟೋ ತೆಗೆದವನು ಅವನೇ. ಮನೆಯ ಹಿತ್ತಲಿನಲ್ಲಿ ರೇಷ್ಮೆಹುಳು ಸಾಕಲು ಬೇರೆಯದೇ ಒಂದು ಮೋಲ್ಡಿಂಗ್ ಕಟ್ಟಡ, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡಿಗೆ ಕೊಂಡ ದೂರದರ್ಶಕವನ್ನು ಮಗುವಿನ ಹಾಗೆ ಹೊದಿಕೆಯಲ್ಲಿ ಸುತ್ತಿ ಆಟೋಗೆ ಹಾಕಿ, ತಾನು ಮೊಪೆಡ್ಡಿನಲ್ಲಿ ಅದರ ಹಿಂದೆಯೇ ಬಂದಿದ್ದ. ಬಿಸಿಲಿರುವಾಗಲೇ ಅದನ್ನು ತಾರಸಿಯ ಪಡುವಣ ಮೂಲೆಯಲ್ಲಿ ನಿಲ್ಲಿಸಿ, ಕ್ಯಾಮೆರಾದ ಲೆನ್ಸ್ ಬಿಚ್ಚಿ ಬರೀ ಮೈಯನ್ನು ಅದರ ಕಣ್ಣಿಗೆ ಕೂರಿಸಿದ್ದ. ಕೆಳಗೆ ಅಂಗಳದಲ್ಲಿ ಅಂಕಯ್ಯ, ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ, ಸೊಸೆ ರಾಧಾಮಣಿ ಮೂವರೂ ಹಣ್ಣಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆಗಳ ಸುರುಳಿಗೆ ಬಿಡುತ್ತಿದ್ದರು. ಗ್ರಹಣ ಹಿಡಿಯುವುದರೊಳಗೆ ಮುಗಿಸಬೇಕೆಂದು ಅವಸರ. ಒಳಗೆ ಬೆಚ್ಚಗಿರಲೆಂದು ಎರಡು ಒಲೆಗೆ ಇದ್ದಲು ತುಂಬಿ ಹೊತ್ತಿಸಿದವಳು ರಾಧಾಮಣಿ. ಹುಳುವಿನ ವಿಷಯದಲ್ಲಿ ಅವಳ ಕೈ ಒಳ್ಳೆಯದೆಂದು ಅತ್ತೆಯೇ ಹೇಳಿಕೊಂಡಿದ್ದಳು. ಆಮೇಲೆ ಎಲ್ಲರೂ ಮನೆಯೊಳಗೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಗ್ರಹಣ ಬಿಟ್ಟು ಸ್ನಾನ ಆಗುವ ತನಕ ಯಾರೂ ಹುಳುವನ್ನು ಮುಟ್ಟುವಂತಿರಲಿಲ್ಲ, ಒಲೆಯನ್ನೂ.

ಚಂದ್ರ ಹುಟ್ಟಿದ. ದೂರದರ್ಶಕದಲ್ಲಿ ಅವನ ಅಂಚು ಕುದಿಯುವ ಎಸರಿನ ಹಾಗೆ ಕೊತಕೊತ ಎನ್ನುತ್ತಿತ್ತು. ಫೋಕಸ್ ತಿರುಗಿಸಿದ, ಕನ್ನಡಿ ಒರೆಸಿದ, ಗಾಳಿಯನ್ನು ಬೈದ. ಕೊನೆಗೆ ಕ್ಯಾಮೆರಾದಿಂದ ತಲೆ ಎತ್ತಿ ನೋಡಿದಾಗ ಕಾರಣ ಎದುರಿಗೇ ಇತ್ತು: ತಾರಸಿಯ ಮೂಡಣ ಅಂಚಿನಲ್ಲಿ ಹುಳುಮನೆಯ ಗಾಳಿಕಿಂಡಿಗಳು, ಅವುಗಳಿಂದ ಒಲೆಯ ಬಿಸಿ ಮೇಲೇಳುತ್ತಿತ್ತು, ಚಂದ್ರ ಅದರ ಹಿಂದೆ ನಡುಗುತ್ತಿದ್ದ. ಇನ್ನೂ ಮೇಲೇರುವ ತನಕ ಕಾಯಬಹುದಿತ್ತು. ಕಾದಿದ್ದರೂ ಸಿಗುತ್ತಿತ್ತೇನೋ, ಇಷ್ಟು ಚೆನ್ನಾಗಿ ಅಲ್ಲದಿದ್ದರೂ. ಕೆಳಗಿಳಿದು ಕೂಗಿ ಕೇಳಬಹುದಿತ್ತು. ಕೇಳಿದ್ದರೆ ಬೇಡವೆನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಹುಳುಮನೆಯ ಬಾಗಿಲಿಗೆ ಬರೀ ಚಿಲಕ. ಹೊರಗಿನವರು ಹಾಗೆಯೇ ಒಳಗೆ ಹೋಗಬಾರದೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಚಪ್ಪಲಿ ಬಿಟ್ಟು, ಬಾಗಿಲ ಬಳಿಯ ಬಕೆಟ್ಟಿನ ನೀರಿನಲ್ಲಿ ಕಾಲು ತೊಳೆದು, ಸುಣ್ಣದ ಪುಡಿಯ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋದ. ಈ ಕಾಲು ತೊಳೆದ ಸಂಗತಿ ಈಗ ಮೊಪೆಡ್ಡಿನ ಮೇಲೆ ನೆನಪಾಗಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎಂಥ ನಯವಂತ! ಒಳಗೆ ಸಾಲಾಗಿ ಒರಗಿಸಿದ ಚಂದ್ರಿಕೆಗಳು, ಅವುಗಳಲ್ಲಿ ದ್ರಾಕ್ಷಿಯಂತೆ ತಿಳಿಯಾದ ಹುಳುಗಳು ತಲೆ ಎತ್ತಿ ಆಚೀಚೆ ಆಡಿಸುತ್ತ ಮೊದಲ ಎಳೆ ಅಂಟಿಸಲು ಜಾಗ ಹುಡುಕುತ್ತಿದ್ದವು. ಅವನು ಮೊರದಲ್ಲಿದ್ದ ಹಳೇ ಬೂದಿಯನ್ನು ತೆಗೆದು ಎರಡೂ ಒಲೆಗಳ ಕೆಂಡದ ಮೇಲೆ ಕಾಣದಂತೆ ಮುಚ್ಚಿದ. ಕೆಂಡ ಒಳಗೆ ಜೀವಂತವಾಗಿರುತ್ತದೆ, ಗ್ರಹಣ ಬಿಟ್ಟ ಕೂಡಲೆ ಬಂದು ಸರಿಸಿದರಾಯಿತು ಎಂದುಕೊಂಡ. ಇದು ನಿಜವಾಗಿಯೂ ಅವನ ಮನಸ್ಸಿನಲ್ಲಿತ್ತು. ಅದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲ.

ಮತ್ತೆ ಮೇಲೆ ಬಂದು ನೋಡಿದಾಗ ಚಂದ್ರ ಕೆತ್ತಿಟ್ಟ ಹಾಗೆ ನಿಂತಿದ್ದ. ಆ ಖುಷಿಯನ್ನು ಹೇಗೆ ಹೇಳುವುದು? ಬೆಳಕಿನ ಭಾಗಕ್ಕೆ ಹೊಂದಿಸಿದರೆ ನೆರಳು ಪೂರಾ ಕಪ್ಪಾಗುತ್ತಿತ್ತು, ನೆರಳಿಗೆ ಹೊಂದಿಸಿದರೆ ಬೆಳಕು ಸುಟ್ಟುಹೋಗುತ್ತಿತ್ತು. ಎರಡರ ಮಧ್ಯೆ ಹಿಂದುಮುಂದು ಮಾಡುತ್ತ ಉಸಿರು ಹಿಡಿದು ಷಟರಿನ ತಂತಿ ಒತ್ತುತ್ತ, ಇಷ್ಟು ವರ್ಷ ತಾನು ಬದುಕಿದ್ದೇ ಇದಕ್ಕೆ ಎನ್ನುವಂಥ ಖುಷಿ. ಅಂಥ ಖುಷಿಗೆ ಇನ್ನೊಬ್ಬರು ಬೇಕು. ಹಿತ್ತಲ ಬಾಗಿಲನ್ನು ಒಂದಿಷ್ಟು ತೆರೆದು ಆಕಾಶ ನೋಡುತ್ತಿದ್ದ ರಾಧಾಮಣಿಯನ್ನು ಕಂಡವನು, "ಬಾಮ್ಮ ರಾಧಾಮಣಿ, ಬಂದು ನೋಡು. ಏನೂ ಆಗಲ್ಲ" ಎಂದ. "ಅತ್ತೆ ಬಯ್ತಾರೆ ಸಾ." "ಓದಿದ ಹುಡುಗಿ, ನೀನೂ ಹಿಂಗಂದ್ರೆ?" ಎಂದು ಚುಚ್ಚಿದ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದವಳು ಅವಳು. ಆ ಚುಚ್ಚು ಎಲ್ಲಿ ತಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೆರಗು ಬಿಗಿದುಕೊಂಡು ಮೆಟ್ಟಿಲೇರಿ ಬಂದಳು, ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ, "ಈ ನೆರಳು ನಮ್ದೇ ಅಲ್ವಾ ಸಾ? ಹಂಗಾದ್ರೆ ಅದ್ರಾಗೆ ನಾವಿಬ್ರೂ ಇದೀವಿ" ಎಂದು ನಕ್ಕಳು. ಅವಳು ಕೆಳಗೆ ಇಳಿಯುವಾಗ ಚಿಕ್ಕಲಕ್ಷ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಆ ಮುದುಕಿ ಏನೆಂದಳೋ ಮೇಲಕ್ಕೆ ಕೇಳಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ರೋಲಿನಲ್ಲಿ ಇನ್ನೂ ಫಿಲ್ಮ್ ಉಳಿದಿತ್ತು.

ಗ್ರಹಣ ಬಿಟ್ಟಿತು, ಎಲ್ಲರ ತಲೆಯ ಮೇಲೂ ನೀರು ಬಿತ್ತು, ಬಿಸಿ ಮುದ್ದೆ, ಸೊಪ್ಪಿನ ಸಾರು. ಊಟಕ್ಕೆ ಕೂತು ಅವನು ಚಂದ್ರನ ಬಗ್ಗೆ ಬಾಯಿ ತುಂಬ ಮಾತಾಡಿದ. ಮಳೆ ಹನಿಯುವ ಸೂಚನೆ ಕಂಡು ಸಾಮಾನೆಲ್ಲ ಆಟೋಗೆ ಹಾಕಿ, ತಾನು ಮೊಪೆಡ್ಡಿನಲ್ಲಿ ಹೊರಟ. ಚನ್ನಪಟ್ಟಣದ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿ, ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ದಾಟುವುದನ್ನು ನೋಡುತ್ತ ನಿಂತಾಗ ನೆನಪಾಯಿತು. ಬೂದಿ. ಮೊಪೆಡ್ಡಿನ ಹ್ಯಾಂಡಲನ್ನು ಅರ್ಧ ತಿರುಗಿಸಿದ್ದ ಕೂಡ. ಹನಿ ದಪ್ಪವಾಗುತ್ತಿತ್ತು, ಚೀಲದಲ್ಲಿ ಫಿಲ್ಮಿತ್ತು. ಇಷ್ಟು ಹೊತ್ತಿಗೆ ಎಲ್ಲ ಮಲಗಿರುತ್ತಾರೆ, ಎಬ್ಬಿಸಿ ಏನೆಂದು ಹೇಳುವುದು, ನಿಮ್ಮ ಹುಳುಮನೆಗೆ ಕದ್ದು ನುಗ್ಗಿದ್ದೆ ಎಂದೇ? ಮಲಗುವ ಮುಂಚೆ ಯಾರಾದರೂ ಒಲೆ ನೋಡಿಯೇ ನೋಡುತ್ತಾರೆ. ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೆದರು, ಅವನು ಮುಂದಕ್ಕೆ ಹೋದ. ರಾತ್ರಿಯೆಲ್ಲ ಮಳೆ ಸುರಿಯಿತು. ಅವನು ಒಳ್ಳೆಯ ನಿದ್ದೆ ಮಾಡಿದ.

ಈಗ ಅವನು ಅಕ್ಕೂರು ತಲುಪಿದಾಗ ಅಂಕಯ್ಯನ ಜಗಲಿಯ ಮೇಲೆ ರಾಧಾಮಣಿ ಬ್ಯಾಗಿಟ್ಟುಕೊಂಡು ಕೂತಿದ್ದಳು. ಒಳಗಿನ ಪಡಸಾಲೆಯಲ್ಲಿ ಕೂಲಿಗೆ ಬಂದ ಕೆಂಚಮ್ಮ ಹೊಸ ಬೆಳೆಯ ಮರಿಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಳು. ಹೆಚ್ಚುವ ಸದ್ದಿಗೆ ರಾಧಾಮಣಿಯ ಕಣ್ಣು ಮತ್ತೆ ಮತ್ತೆ ಅತ್ತ ಹೋಗುತ್ತಿತ್ತು. "ಬನ್ನಿ ಸ್ವಾಮಿ, ಬನ್ನಿ" ಎಂದು ಅಂಕಯ್ಯ ಕುರ್ಚಿ ಒರೆಸಿದ. ಕವರಿನಿಂದ ಫೋಟೋ ತೆಗೆದದ್ದೇ ತಡ, ಚಿಕ್ಕಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಅದನ್ನ ಒಳೀಕ್ ತರಬ್ಯಾಡಿ ಸ್ವಾಮಿ, ಕೈ ಮುಗೀತೀನಿ. ನಾವು ಉಂಡಿರೋದೇ ಸಾಕು" ಎಂದಳು. ಪೇಟೆಯವರೆಲ್ಲ ಮೆಚ್ಚಿದ್ದನ್ನು ಹಾವಿನಂತೆ ಹಿಡಿದುಕೊಂಡು ನಿಂತವನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ಕವರಿಗೆ ತುರುಕಿದ. ಇನ್ನು ಕೂತರೆ ಹೇಳಲಾರೆ ಎನಿಸಿ ನಿಂತುಕೊಂಡೇ ಹೇಳಿದ.

"ಅಂಕಯ್ಯನೋರೆ, ಒಲೆ ತಾನಾಗೇ ಆರಲಿಲ್ಲ. ನಾನು ಮುಚ್ಚಿದ್ದು. ಬಿಸಿಗೆ ಚಂದ್ರ ಅಲ್ಲಾಡ್ತಿತ್ತು ಅಂತ, ಯಾರಿಗೂ ಹೇಳದೆ ಒಳಗೆ ಹೋಗಿ ಬೂದಿ ಮುಚ್ಚಿದೆ. ಆಮೇಲೆ ತೆಗೀಬೇಕು ಅಂತಿದ್ದೆ, ಮರೆತುಬಿಟ್ಟೆ. ರಾಧಾಮಣಿ ಮೇಲೆ ಬಂದದ್ದೂ ನಾನೇ ಕರೆದದ್ದಕ್ಕೆ. ಅವಳದ್ದೇನೂ ತಪ್ಪಿಲ್ಲ." ಹೆಚ್ಚುವ ಸದ್ದು ನಿಂತಿತು. ಅಂಕಯ್ಯ ತನ್ನ ಅಂಗೈಯನ್ನು ತಿರುವಿ ತಿರುವಿ ನೋಡಿಕೊಂಡ. ಬಯ್ಯುತ್ತಾನೆ, ಹೊಡೆದರೂ ಹೊಡೆದಾನು, ಹೊಡೆಯಲಿ ಎಂದು ವೃಷಭೇಂದ್ರಪ್ಪ ಕಾದ. ಕೊಟ್ಟುಬಿಡಬೇಕಾದದ್ದನ್ನೆಲ್ಲ ಕೊಟ್ಟುಬಿಡಲು ಅವನು ಆ ಗಳಿಗೆಯಲ್ಲಿ ತಯಾರಿದ್ದ. ಆದರೆ ಅಂಕಯ್ಯ, "ಬುಡಿ ಸ್ವಾಮಿ. ಬೇಕೂಂತ ಮಾಡಿದ್ರಾ? ತಿಳೀದೆ ಆಯ್ತು" ಎಂದ. ಚಿಕ್ಕಲಕ್ಷ್ಮಮ್ಮ ಇನ್ನೂ ಮುಂದೆ ಹೋದಳು. ಅವಳ ದನಿಯಲ್ಲಿ ಅವನ ಬಗ್ಗೆ ಕನಿಕರವಿತ್ತು. "ನಿಮ್ಮಂಥೋರು ಇನ್ನೊಬ್ರ ಮನೆ ಒಲೆ ಮುಚ್ತೀರಾ ಸ್ವಾಮಿ? ನಿಮ್ ಕೈಯಲ್ಲಿ ಅದು ಮಾಡಿಸ್ತು. ಗ್ರಹಣದೊಳ್ಗೆ ಹೆಂಗಸು ಹೊಸ್ಲು ದಾಟಿದ್ಲಲ್ಲ, ಅದ್ಕೇ ನಿಮ್ಗೆ ಅಂಥ ಬುದ್ಧಿ ಬಂತು." "ಇಲ್ಲಮ್ಮ, ನಾನು ಮುಚ್ಚಿದ್ದು ಮುಂಚೆ, ಅವಳು ಬಂದದ್ದು ಆಮೇಲೆ" ಎಂದ. "ಮುಂಚೆ ಆಮ್ಯಾಕೆ ಎಲ್ಲಾ ನಮ್ಗೆ ಸ್ವಾಮಿ, ಗ್ರಹಣಕ್ಕೇನು? ಬಾಗ್ಲು ತೆಗೆದು ಇಣುಕ್ತಾನೇ ಇದ್ಲು. ಲೇ ರಾಧಾಮಣಿ, ಬಸ್ಸಿಗಿನ್ನೂ ಹೊತ್ತೈತೆ, ಸ್ವಾಮಿಯೋರ್ಗೆ ಕಾಪಿ ಮಾಡ್ಕೊಡು."

ಅವಳು ಎದ್ದು ಹೋಗಿ ಕಾಫಿ ತಂದಳು. ಅವನು ಕುಡಿದ. ಬಿಸಿಯಾಗಿತ್ತು, ಚೆನ್ನಾಗಿತ್ತು. ಎರಡು ವಾರಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯತೊಡಗಿದ್ದನ್ನು ಅವನು ಗಾಬರಿಯಿಂದ ಗಮನಿಸಿದ. ಹೇಳಿದ್ದಾಯಿತಲ್ಲ. ಅವರು ಒಪ್ಪಿಕೊಳ್ಳದಿದ್ದರೆ ತಾನೇನು ಮಾಡಬೇಕು? ತನ್ನನ್ನು ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟ ಮನೆ ಅವಳನ್ನು ಯಾವ ಮಾತಿಗೂ ಬಿಡುವುದಿಲ್ಲ ಎನ್ನುವುದು ಲೋಟದ ತಳ ಕಾಣುವ ಹೊತ್ತಿಗೆ ಅವನಿಗೆ ಪೂರ್ತಿ ಅರ್ಥವಾಗಿತ್ತು. ಆದರೂ ಆ ಹಗುರ ಹಾಗೆಯೇ ಇತ್ತು, ನಾಚಿಕೆಗೆಟ್ಟ ಹಗುರ. ಇನ್ನೊಮ್ಮೆ ವಾದಿಸಬೇಕೆಂದು ಬಾಯಿ ತೆರೆದ. ಅಂಕಯ್ಯ ಆಗಲೇ ಸೊಪ್ಪಿನ ಕಡೆಗೆ ತಿರುಗಿ ಕೆಂಚಮ್ಮನಿಗೆ ಇನ್ನೂ ಸಣ್ಣಗೆ ಹೆಚ್ಚಲು ಹೇಳುತ್ತಿದ್ದ.

ಬಸ್ಸು ನಿಲ್ಲುವ ಹಾಲಿನ ಡೈರಿಯ ತನಕ ಅವನು ಮೊಪೆಡ್ಡನ್ನು ತಳ್ಳಿಕೊಂಡು ಅವಳ ಜೊತೆ ನಡೆದ. ಬ್ಯಾಗು ಕೊಡು ಎಂದ, ಅವಳು ಕೊಡಲಿಲ್ಲ. "ಹೇಳಿದೆನಲ್ಲಮ್ಮ. ನಾನು ಎಲ್ಲ ಹೇಳಿದೆ" ಎಂದ, ಅವಳು ಕೇಳದಿದ್ದರೂ. "ಹೇಳಿದ್ರಿ ಸಾ. ಕೇಳಿಸ್ಕಂಡೆ." ಡೈರಿಯ ಮುಂದೆ ಕ್ಯಾನುಗಳನ್ನು ತೊಳೆದ ನೀರು ರಸ್ತೆಗೆ ಹರಿದಿತ್ತು. ಅವಳು ಅದನ್ನು ದಾಟಿ ಒಣಗಿದ ಜಾಗದಲ್ಲಿ ನಿಂತು, ಅವನ ಕಡೆ ತಿರುಗಿ, ಕ್ಲಾಸಿನಲ್ಲಿ ಸಂದೇಹ ಕೇಳುವವಳ ಹಾಗೆ ಕೇಳಿದಳು: "ಮರ್ತುಬುಟ್ಟೆ ಅಂದ್ರಲ್ಲ. ಎಲ್ಲಿಗಂಟ ಮರ್ತಿದ್ರಿ ಸಾ?"

ಬೆಳಗಾದ ಮೇಲೆ ನೆನಪಾಯಿತು ಎನ್ನಬಹುದಿತ್ತು. ಇವತ್ತು ನಾಗರಾಜು ಹೇಳಿದ ಮೇಲೆಯೇ ಎನ್ನಬಹುದಿತ್ತು. ಯಾರೂ ಕಂಡವರಿಲ್ಲ. ಸಾತನೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. "ರೈಲ್ವೆ ಗೇಟಿನ ತನಕ" ಎಂದ. "ಗೇಟು ಹಾಕಿತ್ತು. ಅಲ್ಲಿ ನೆನಪಾಯ್ತು. ವಾಪಸ್ ಬರೋಣ ಅಂದ್ಕೊಂಡೆ. ನೀವೆಲ್ಲ ಮಲಗಿರ್ತೀರಿ, ಅಷ್ಟು ಹೊತ್ತಲ್ಲಿ ಹ್ಯಾಗೆ ಎಬ್ಬಿಸೋದು ಅಂತ..." ಬಸ್ಸು ಬಂದು ನಿಂತಿತು, ಕಂಡಕ್ಟರು ಬಾಗಿಲು ತೆಗೆದು ಬೇಗ ಬೇಗ ಎಂದ. ರಾಧಾಮಣಿ ಬ್ಯಾಗನ್ನು ಒಳಗಿಟ್ಟು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನಾನ್ ಮಲಗಿರ್ಲಿಲ್ಲ ಸಾ. ಗ್ರಹಣ ನೋಡಿದೋಳು ಅಂತ ಅವತ್ತು ನೀವು ಹೊಂಟ ಮ್ಯಾಕೆ ನನ್ನ ಒಳೀಕ್ ಸೇರಿಸಿರ್ಲಿಲ್ಲ. ಬೆಳಗಾಗೋಗಂಟ ಜಗುಲಿ ಮ್ಯಾಲೇ ಕುಂತಿದ್ದೆ. ನೀವು ಬಂದು ಒಂದ್ ಮಾತು ಅಂದಿದ್ರೆ ನಾನೇ ಓಗಿ ಬೂದಿ ಸರಿಸ್ತಿದ್ದೆ. ಯಾರ್ಗೂ ಗೊತ್ತಾಗ್ತಿರ್ಲಿಲ್ಲ."

ಕಂಡಕ್ಟರು ಸೀಟಿ ಊದಿದ. ಅವಳು ಒಳಗೆ ಹೋಗಿ ಆಚೆ ಬದಿಯ ಸೀಟಿನಲ್ಲಿ ಕೂತಳು.